ಬಗ್ಗದ ಶಿಲುಬೆ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಲ್ಲ ನಗರಸಭೆಗಳ ಹುಟ್ಟುಗುಣ. ಕರಿಂಬಾದ ನಗರಸಭೆ ವೆಸ್ನಾಳಿಗೆ ಸಂಬಳ ಕೊಡುತ್ತಿದ್ದುದು ಮಾತ್ರ ಸೂರೆಗೆ ಮೊದಲೇ ಬಾಗಿಲು ಹಾಕಲಿಕ್ಕೆ. ಕ್ಯಾಮೆರಾ ಕಟ್ಟಿದ ಕಾರಿನಲ್ಲಿ ಬೀದಿ ಬೀದಿ ಸುತ್ತುವುದು, ಎಲ್ಲೆಲ್ಲಿ ಜನ ಸಾಯಬಹುದೆಂದು ಅವರು ಸಾಯುವ ಮೊದಲೇ ಗುರುತಿಸುವುದು, ರಸ್ತೆಗೆ ನಕ್ಷತ್ರ ಕೊಡುವುದು ಅವಳ ಕೆಲಸ. ಒಳ್ಳೆಯ ರಸ್ತೆಗೆ ಐದು, ಯಮನ ರಸ್ತೆಗೆ ಒಂದು. ಹೋಟೆಲಿಗೆ ಕೊಟ್ಟ ಹಾಗೆ ಎಂದು ಅವಳ ಗಂಡ ನಗುತ್ತಿದ್ದ.

ಉಕ್ಕಿನ ಕಾರ್ಖಾನೆಗೆ ಹೋಗುವ ರಸ್ತೆಯ ತಿರುವಿಗೆ ಅವಳು ಒಂದೇ ನಕ್ಷತ್ರ ಕೊಟ್ಟಳು. ತಿರುವಿನ ತಪ್ಪೇನಿರಲಿಲ್ಲ. ತಪ್ಪೆಲ್ಲ ಅದರ ಅಂಚಿನಲ್ಲಿ ನಿಂತ ಶಿಲುಬೆಯದು. ಮೂರು ವರ್ಷದ ಹಿಂದೆ ಅಲ್ಲಿದ್ದ ದೀಪದ ಕಂಬಕ್ಕೆ ಡೇಮಿಯನ್ ಎಂಬ ಹುಡುಗ ಕಾರು ಗುದ್ದಿ, ಪಕ್ಕದಲ್ಲಿ ಕೂತಿದ್ದ ಗೆಳತಿ ಎಲೆನಾ ಸತ್ತಿದ್ದಳು. ಅವನು ಬದುಕಿಕೊಂಡ. ನಗರಸಭೆ ಆಮೇಲೆ ಕಂಬ ಕಿತ್ತಿತು. ಕಿತ್ತ ಜಾಗದಲ್ಲೇ ಎಲೆನಾಳ ಅಪ್ಪ ಟ್ರಾಯ್ಚೆ ಶಿಲುಬೆ ನೆಟ್ಟ. ಉಳಿದವರು ಮರದ್ದು ನೆಡುತ್ತಾರೆ. ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ಈತ ರೈಲು ಕಂಬಿ ಕತ್ತರಿಸಿ, ಬೆಸೆದು, ಸೊಂಟದಾಳದ ಕಾಂಕ್ರೀಟಿನಲ್ಲಿ ಹೂತು, ಬಿಳಿ ಬಣ್ಣ ಬಳಿದ. ಪತ್ರಿಕೆಯವರು ಫೋಟೋ ಹಾಕಿ ಕಣ್ಣೀರು ಸುರಿಸಿದರು.

"ಹುಡುಗಿಯ ಅಪ್ಪ ಒಪ್ಪಿದ್ರೆ ತೆಗೆಯೋಣ," ಎಂದ ವೆಸ್ನಾಳ ಮೇಲಧಿಕಾರಿ ಗ್ರಾಂಟ್. "ಒಪ್ಪದಿದ್ರೆ ಮುಟ್ಟೋದು ಬೇಡ. ಸತ್ತ ಮಗಳ ಶಿಲುಬೆ ಕಿತ್ತರು ಅಂತ ಪೇಪರಲ್ಲಿ ಬಂದ್ರೆ ನನ್ನ ತಲೆ ಹೋಗುತ್ತೆ."

"ಯಾರಾದ್ರೂ ಬಂದು ಗುದ್ದಿದ್ರೆ?"

"ಇಲ್ಲೀವರೆಗೆ ಯಾರೂ ಗುದ್ದಿಲ್ವಲ್ಲ. ಗುದ್ದಿದ ದಿನ ಬಾ, ಮಾತಾಡೋಣ."

ಟ್ರಾಯ್ಚೆಯನ್ನು ಒಪ್ಪಿಸುವುದು ಕಷ್ಟವೆಂದು ವೆಸ್ನಾಳಿಗೆ ಅನ್ನಿಸಲಿಲ್ಲ. ಇಬ್ಬರ ಮನೆಯವರೂ ಮ್ಯಾಸಿಡೋನಿಯಾದಿಂದ ಬಂದು ಒಂದೇ ಬೀದಿಯಲ್ಲಿ ನೆಲೆಸಿದವರು. ಚಿಕ್ಕಂದಿನಿಂದ ಅವನನ್ನು ಚಿಕ್ಕಪ್ಪ ಎಂದು ಕರೆದವಳು ಅವಳು. ಪಾಪದ ಮನುಷ್ಯ, ಸಂಕಟದಲ್ಲಿ ಏನೂ ತಿಳಿಯದೆ ಮಾಡಿದ್ದಾನೆ, ಬಿಡಿಸಿ ಹೇಳಿದರೆ ತಾನೇ ಕೀಳುತ್ತಾನೆ ಎಂದುಕೊಂಡು ಹೊರಟಳು.

ಅಂದು ಸತ್ತವರಿಗೆ ಎಡೆಯಿಡುವ ಶನಿವಾರ. ಟ್ರಾಯ್ಚೆ ಶಿಲುಬೆಯ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳನ್ನು ಕಂಡವನೇ ಬೇಯಿಸಿದ ಗೋಧಿಯನ್ನು ಒಂದು ಚಮಚ ಅಂಗೈಗೆ ಹಾಕಿದ. ಅವಳು ತಿಂದು, ವಾಡಿಕೆಯಂತೆ "ದೇವರು ಅವಳನ್ನ ಕ್ಷಮಿಸಲಿ" ಎಂದಳು. ಆಮೇಲೆ ಮಾತು ತೆಗೆದಳು.

"ಚಿಕ್ಕಪ್ಪ, ಇದನ್ನೇ ಮರದಲ್ಲಿ ಮಾಡ್ಕೊಡು. ನಾನೇ ಮುಂದೆ ನಿಂತು ನೆಡಿಸ್ತೀನಿ. ಕಾರು ಬಡಿದ್ರೆ ಮರ ಮುರಿಯುತ್ತೆ, ಒಳಗಿದ್ದವರು ಉಳೀತಾರೆ. ಇದು ಬಗ್ಗಲ್ಲ."

"ಬಗ್ಗಬಾರದು ಅಂತಾನೇ ಕಂಬಿ ತಂದಿದ್ದು."

"ಅಂದ್ರೆ, ನಿಂಗೆ ಗೊತ್ತಿತ್ತಾ?"

"ಬೆಸುಗೆಯವನಿಗೆ ಕಬ್ಬಿಣದ ಪಾಠ ಹೇಳೋಕೆ ಬಂದ್ಯಲ್ಲೇ. ಆ ಡೇಮಿಯನ್ ದಿನಾ ಇದೇ ದಾರೀಲಿ ಕೆಲಸಕ್ಕೆ ಹೋಗ್ತಿದ್ದ. ಅವನಿಗೆ ಅಂತಾನೇ ನೆಟ್ಟೆ."

ವೆಸ್ನಾ ಅಂಗೈಗೆ ಅಂಟಿದ್ದ ಗೋಧಿಯನ್ನು ಕೊಡವಿದಳು. "ಅವನು ಊರು ಬಿಟ್ಟು ಪರ್ತ್‌ಗೆ ಹೋಗಿ ಎಷ್ಟೋ ಕಾಲ ಆಯ್ತು."

"ಗೊತ್ತು."

"ಮತ್ತೆ ಇನ್ಯಾರಿಗೆ ಇದು?"

ಮುದುಕ ಜೇಬಿನಿಂದ ಬಟ್ಟೆ ತೆಗೆದು, ಬಿಳಿ ಬಣ್ಣದ ಮೇಲೆ ಕೂತ ಕಾರ್ಖಾನೆಯ ಮಸಿ ಒರೆಸತೊಡಗಿದ. "ಯಾರಾದ್ರೂ ಬರ್ತಾರೆ. ಎಲೆನಾ ಹೋದಾಗ ನಿಮ್ಮ ಆಫೀಸಿನವರು ಮನೆಗೆ ಬಂದು, ಯಾರ ತಪ್ಪೂ ಅಲ್ಲ, ಗ್ರಹಚಾರ ಅಂದ್ರು. ನಮ್ಮನೇಲೇ ಕಾಫಿ ಕುಡಿದು ಅಂದ್ರು. ಇನ್ನೊಬ್ಬರ ಮನೆಗೂ ಹೋಗಿ ಅದನ್ನೇ ಅನ್ನಲಿ. ನಾನೊಬ್ನೇ ಯಾಕೆ ಕೇಳಿಸ್ಕೋಬೇಕು?"

ವೆಸ್ನಾಳಿಗೆ ಮೈ ಉರಿಯಿತು. ಇವನನ್ನು ಪಾಪದವನೆಂದು ನಂಬಿದ ತನ್ನ ಮೇಲೆ ಅದಕ್ಕಿಂತ ಸಿಟ್ಟು ಬಂತು. "ಪೊಲೀಸರಿಗೆ ಹೇಳ್ತೀನಿ," ಎಂದಳು.

"ಹೇಳು. ಮಗಳ ಶಿಲುಬೆ ಒರೆಸ್ಕೊಂಡು ಕೂತಿರೋ ಮುದುಕ ಇಂಥ ಮಾತಾಡಿದ ಅಂದ್ರೆ ಯಾವನು ನಂಬ್ತಾನೆ? ನಿಂಗೇ ತಲೆ ಕೆಟ್ಟಿದೆ ಅಂತಾರೆ."

ಅದು ಸುಳ್ಳಲ್ಲ. ಗ್ರಾಂಟ್ ಮೊದಲು ನಗುತ್ತಾನೆ, ಆಮೇಲೆ ಅವಳನ್ನೇ ಬೇರೆ ಕೆಲಸಕ್ಕೆ ಹಾಕುತ್ತಾನೆ. ಕಂಬಿ ಇಲ್ಲೇ ಇರುತ್ತದೆ. ಅವಳಿಗೆ ಉಳಿದದ್ದು ಒಂದೇ ಮಾತು. ಅದನ್ನು ಆಡಬಾರದೆಂದು ಇಷ್ಟು ಹೊತ್ತು ತಡೆದುಕೊಂಡಿದ್ದಳು.

"ಚಿಕ್ಕಪ್ಪ, ನನ್ನ ಮಗ ಲೂಕಾಗೆ ಹೋದ ವಾರ ಲೈಸೆನ್ಸ್ ಬಂತು. ನೀನು ಹೆಗಲ ಮೇಲೆ ಹೊತ್ತು ಕುಣಿಸಿದ ಹುಡುಗ. ಕಾರ್ಖಾನೇಲಿ ಕೆಲಸ ಸಿಕ್ಕಿದೆ. ಸೋಮವಾರದಿಂದ ಅವನದೂ ಇದೇ ದಾರಿ."

ಒರೆಸುತ್ತಿದ್ದ ಕೈ ನಿಂತಿತು. ಟ್ರಾಯ್ಚೆ ಅವಳ ಮುಖ ನೋಡಿದ. ಎಲೆನಾಳ ಹೆಣ ಮನೆಗೆ ಬಂದ ದಿನ ಇದ್ದಂತೆ ಅವನ ಕೆಳದುಟಿ ಅದುರಿತು. ಗೆದ್ದೆ ಎಂದುಕೊಂಡಳು ವೆಸ್ನಾ. ಅವನ ತೋಳು ಹಿಡಿಯಲು ಕೈ ಚಾಚಿದಳು.

"ಲೂಕಾನಾ? ಒಳ್ಳೇ ಹುಡುಗ," ಎಂದ ಅವನು. "ನಿಧಾನಕ್ಕೆ ಓಡಿಸೋಕೆ ಹೇಳು, ಮಗಳೇ. ಆವತ್ತು ನಾನೂ ಡೇಮಿಯನ್‌ಗೆ ಹೇಳಿ ಕಳಿಸಿದ್ದೆ."

ಹೇಳಿ, ಶಿಲುಬೆಯ ಇನ್ನೊಂದು ತೋಳನ್ನು ಒರೆಸಲು ಎದ್ದ.