ಹೆಸರು ಬದಲಿಸಿದ ಬಟನ್

ಕಿಟಕಿಯ ಗಾಜು ಗುಂಯ್ ಎನ್ನುತ್ತಿದೆ, ಕೆಳಗೆ ಜನರೇಟರ್ ಹಾಕಿದರು, ಅಂದರೆ ಕರೆಂಟ್ ಹೋಯಿತು, ಪೀಣ್ಯದಲ್ಲಿ ಕರೆಂಟ್ ಹೋಗಿದ್ದು ಮೊದಲು ಕಿವಿಗೇ ಗೊತ್ತಾಗುವುದು, ಕಂಪ್ಯೂಟರ್ ಮಾತ್ರ ಕಣ್ಣು ಮಿಟುಕಿಸದೆ ಕೂತಿದೆ, ನನ್ನ ವಾಕ್ಯವೂ ಕೂತಿದೆ, ಅರ್ಧಕ್ಕೆ — ಬಟನ್ನಿನ ಹೆಸರನ್ನು ಬದಲಿಸಿದಲ್ಲಿ — ಬದಲಿಸಿದಲ್ಲಿ ಏನಾಗುತ್ತದೆ? ಬರೆಯುವವಳಿಗೇ ಗೊತ್ತಿಲ್ಲದಿದ್ದರೆ ಓದುವವರ ಪಾಡೇನು, ಮ್ಯಾನ್ಯುಯಲ್ ಯಾರೂ ಓದಲ್ಲ ಭಾಗ್ಯಾ, ಸುಮ್ನೆ ಡಬ್ಬದೊಳಗೆ ಹಾಕಿ ಕಳಿಸೋದು ಅಷ್ಟೇ, ಎನ್ನುತ್ತಾನೆ ಹರ್ಷವರ್ಧನ್, ಈ ಟೂಲ್ ಕಟ್ಟಿದವನು ಅವನೇ, ಯಾರೂ ಓದದ್ದನ್ನು ಬರೆದು ನಾನು ಹೊಟ್ಟೆ ಹೊರೆಯುತ್ತೇನೆ ಎನ್ನುವುದು ಅವನಿಗೆ ಭಾರೀ ತಮಾಷೆ. ಟೂಲಿನ ಕೆಲಸ ಹೇಳಲು ಸುಲಭ, ಯಂತ್ರದ ಮುಂದೆ ಇರುವ ಟಚ್ ಪರದೆಗೆ ಒಂದು ಬಟನ್ ಎಳೆದು ಹಾಕಿದರೆ ಸಾಕು, ಅದನ್ನು ಒತ್ತಿದಾಗ ನಡೆಯಬೇಕಾದ ಪ್ರೋಗ್ರಾಂನ ಚೌಕಟ್ಟನ್ನು ತಾನೇ ಬರೆದುಕೊಡುತ್ತದೆ, ಒಳಗೆ ಮೋಟಾರು ಓಡಬೇಕೋ ನಿಲ್ಲಬೇಕೋ ಎನ್ನುವುದನ್ನು ನಾವು ತುಂಬಬೇಕು, ಗೋಡೆ ಬಾಗಿಲು ಟೂಲಿನದು, ಪಾತ್ರೆ ಪಡಗ ನಮ್ಮದು, ಇಷ್ಟನ್ನು ಚಿತ್ರ ಸಮೇತ ಬರೆದು ಮುಗಿಸಿದ್ದೇನೆ, ಉಳಿದದ್ದು ಈ ಹಾಳು ವಾಕ್ಯ. ಊಹಿಸಿ ಬರೆಯುವುದೇಕೆ, ಮಾಡಿಯೇ ನೋಡೋಣ, ಒಂದು ಬಟನ್ ಹಾಕಿದೆ, ಒಳಗೆ ಒಂದು ಸಾಲು ತುಂಬಿದೆ, ಹೆಸರು ಬದಲಿಸಿದೆ — ಟೂಲ್ ಹೊಸ ಹೆಸರಿಗೆ ಹೊಸ ಚೌಕಟ್ಟು ಬರೆದುಬಿಟ್ಟಿತು, ಖಾಲಿ, ನಾನು ತುಂಬಿದ ಸಾಲು ಹಳೆಯ ಹೆಸರಿನ ಕೆಳಗೇ ಬಿದ್ದಿದೆ, ಅದನ್ನು ಕರೆದು ನಡೆಸುವವರು ಯಾರೂ ಇಲ್ಲ, ಒಂದು ಎಚ್ಚರಿಕೆಯಿಲ್ಲ, ಕೆಂಪು ಗೆರೆಯಿಲ್ಲ, ಬಟನ್ ಒತ್ತಿದರೆ ಹಸಿರಾಗುತ್ತದೆ, ಆಯಿತು ಯಜಮಾನರೇ ಎಂದು ತಲೆಯಾಡಿಸಿ ಏನೂ ಮಾಡದೆ ಕೂರುವವನ ಹಾಗೆ, ಸರಿ, ಸಿಕ್ಕಿತು ವಾಕ್ಯ, ಬರೆದುಬಿಡೋಣ, ಬಟನ್ನಿನ ಹೆಸರನ್ನು ಬದಲಿಸಿದಲ್ಲಿ — ತಾಳು, ತಾಳು, ನಾನು ಬದಲಿಸಿದ್ದು ಏನನ್ನು?

ಇವತ್ತಲ್ಲ, ನಿನ್ನೆ, ಮಾಕಳಿಯ ಕಾರ್ಖಾನೆಯವರ ಪರದೆಯಲ್ಲಿ, ರಟ್ಟಿನ ಪೆಟ್ಟಿಗೆ ಮಡಚುವ ಯಂತ್ರ, ಅದನ್ನು ನೋಡಲು ಹೋದ ವಾರ ಹರ್ಷನ ಬೈಕಿನಲ್ಲಿ ತುಮಕೂರು ರಸ್ತೆಯ ಧೂಳೆಲ್ಲ ಕುಡಿದು ಹೋಗಿದ್ದೆವು, ಅದನ್ನು ಓಡಿಸುವವನು ಈಶಪ್ಪ, ಗದಗದ ಕಡೆಯವನು, ಪರದೆ ಮುಟ್ಟುವ ಮೊದಲು ಬೆರಳನ್ನು ಅಂಗಿಗೆ ಒರೆಸಿಕೊಂಡ, ಅಕ್ಕಾರ, ಇದರಾಗ ಕನ್ನಡ ಬರೂದಿಲ್ಲೇನ್ರಿ, ನಾವು ಬಣ್ಣ ನೋಡೇ ಒತ್ತತೀವ್ರಿ, ಎಂದ, ನನಗೆ ಎಲ್ಲಿಲ್ಲದ ಹುರುಪು, ಯಾಕೆ ಬರಲ್ಲ ಈಶಪ್ಪ, ನಾನೇ ಹಾಕ್ಕೊಡ್ತೀನಿ, ಎಂದುಬಿಟ್ಟೆ, ನಿನ್ನೆ ಕೂತು ಹಾಕಿಯೂ ಹಾಕಿದೆ, ಓಡಿಸು, ನಿಲ್ಲಿಸು, ಎಷ್ಟು ಚೆನ್ನಾಗಿ ಕಂಡಿತು, ಸಕ್ಕತ್ತಾಗಿದೆ ಕಣೇ, ಬೆಳಿಗ್ಗೆ ವ್ಯಾನಲ್ಲೇ ಕಳಿಸ್ಬಿಡೋಣ, ಎಂದ ಹರ್ಷ, ಕಳಿಸಿದ. ಟೂಲಿನಲ್ಲಿ ಪ್ರತಿ ಬಟನ್ನಿಗೂ ಎರಡು ಖಾನೆ, ಮೇಲಿನದು ಪ್ರೋಗ್ರಾಂ ಗುರುತಿಸುವ ಹೆಸರು, ಕೆಳಗಿನದು ಕಣ್ಣಿಗೆ ಕಾಣುವ ಬರಹ, ಮೇಲಿನದನ್ನು ಬದಲಿಸಿದರೆ ಕೆಳಗಿನದೂ ತಾನೇ ಬದಲಾಗುತ್ತದೆ, ಕೆಳಗಿನದನ್ನು ಬದಲಿಸಿದರೆ ಮೇಲಿನದು ಹಾಗೇ ಇರುತ್ತದೆ, ನಾನು ಕನ್ನಡ ತುಂಬಿದ್ದು ಯಾವುದರಲ್ಲಿ — ಕೆಳಗಿನದರಲ್ಲಿ, ಖಂಡಿತ ಕೆಳಗಿನದರಲ್ಲಿ, ಅಲ್ಲ, ಆಗ ಪಕ್ಕದ ಮೇಜಿನ ಯಮುನಾ ಕಾಫಿಗೆ ಕರೆದಳು, ಬಂದೆ ಇರೇ ಎಂದು ತಿರುಗಿದೆ, ಓಡಿಸು ಎಂಬುದನ್ನು ಕೆಳಗೆ ಬರೆದದ್ದು ನೆನಪಿದೆ, ನಿಲ್ಲಿಸು ಎಂಬುದನ್ನು ಕಾಫಿ ಕುಡಿದು ಬಂದ ಮೇಲೆ, ಮೇಲೋ ಕೆಳಗೋ, ನೆನಪೇ ಆಗುತ್ತಿಲ್ಲ, ನೆನಪಾಗುವುದೆಲ್ಲ ಈಶಪ್ಪನ ಕೈ.

ಏಕೆಂದರೆ ಅವನು ಮಾಡಿ ತೋರಿಸಿದ್ದ, ಪೆಟ್ಟಿಗೆ ಸಿಕ್ಕಿಕೊಂಡರೆ ಯಂತ್ರ ತನ್ನಷ್ಟಕ್ಕೇ ತಡೆದು ನಿಲ್ಲುತ್ತದೆ, ಪೆಟ್ಟಿಗೆ ಬಿಡಿಸಿದ ಕೂಡಲೇ ತನ್ನಷ್ಟಕ್ಕೇ ಹೊರಡುತ್ತದೆ, ಅದಕ್ಕ ಮೊದಲ ಈ ನಿಲ್ಲಸೂ ಬಟನ್ ಒತ್ತಬೇಕ್ರಿ, ಆಮ್ಯಾಲೆ ಕೈ ಹಾಕಬೇಕು, ಬೆರಳು ಅಂಗಿಗೆ ಒರೆಸಿ, ಒತ್ತಿ, ಮೊಣಕೈವರೆಗೆ ಒಳಗೆ ಹಾಕಿದ್ದ. ಹರ್ಷನ ಮೇಜಿಗೆ ಓಡಿದೆ, ನಿಲ್ಲಿಸು ಬಟನ್ನನ್ನ ಮೋಟಾರ್ ಹಾಕಿ ಟೆಸ್ಟ್ ಮಾಡಿದ್ವಾ, ಎಂದೆ, ಬರೀ ಬರಹ ತಾನೇ ಬದಲಾಗಿದ್ದು, ಏನಿದೆ ಟೆಸ್ಟ್ ಮಾಡೋಕೆ, ಹಸಿರಾಯ್ತಲ್ಲ, ಎಂದ, ಆ ಫೈಲ್ ತೋರಿಸು, ಎಂದೆ, ಕರೆಂಟ್ ಹೋಗಿ ಸರ್ವರ್ ಇನ್ನೂ ಎದ್ದಿಲ್ಲ ಇರು, ಅಷ್ಟಕ್ಕೂ ಎಮರ್ಜೆನ್ಸಿ ಬಟನ್ ಬೇರೆ ಇದೆಯಲ್ಲ, ಯಾಕೆ ತಲೆ ಕೆಡಿಸ್ಕೋತೀಯ — ಇದೆ, ಯಂತ್ರದ ಹಿಂಬದಿಯಲ್ಲಿದೆ, ಅದಕ್ಕೆ ಯಾರೋ ಊಟದ ಚೀಲ ನೇತುಹಾಕಿದ್ದರು, ನೋಡಿ ನಾವಿಬ್ಬರೂ ನಕ್ಕಿದ್ದೆವು, ನನಗೆ ಭಯವಾಗುತ್ತಿದೆ, ಬಹುಶಃ ಕೆಳಗೇ ಬರೆದಿದ್ದೇನೆ, ಬಹುಶಃ ಆ ಪರದೆಯನ್ನು ಅವರಿನ್ನೂ ಹಾಕಿಯೇ ಇಲ್ಲ, ಸುಮ್ಮನೆ ಫೋನ್ ಮಾಡಿ ನಗೆಪಾಟಲಾಗುತ್ತೇನೆ, ಆಗಲಿ, ಫೋನ್ ಹಿಡಿದು ಕಿಟಕಿಯ ಹತ್ತಿರ ಬಂದೆ, ರಿಂಗ್ ಆಗುತ್ತಿದೆ, ಅಲ್ಲಿನ ಮೇಸ್ತ್ರಿ ರಾಮಯ್ಯ ಯಾವತ್ತೂ ಬೇಗ ಎತ್ತುವುದಿಲ್ಲ, ಹರ್ಷ ಕರೆಯುತ್ತಿದ್ದಾನೆ, ಭಾಗ್ಯಾ ಬಾ ಇಲ್ಲಿ, ಫೈಲ್ ತೆರೆದಿದೆ, ಅವನು ನಗುತ್ತಿಲ್ಲ, ನಿಲ್ಲಿಸು ಎಂಬ ಹೆಸರು, ಅದರ ಕೆಳಗೆ ಖಾಲಿ ಚೌಕಟ್ಟು, ಎರಡು ಆವರಣ ಚಿಹ್ನೆ, ನಡುವೆ ಏನೂ ಇಲ್ಲ — ಹಲೋ, ರಾಮಯ್ಯನವರೇ, ಮಿಷನ್ ಓಡ್ತಾ ಇದೆಯಾ, ಇಲ್ಲ ಮೇಡಂ ನಿಂತದೆ, ಕನ್ನಡ ಬಲೇ ಪಸಂದಾಗದೆ, ಈಗ ತಾನೇ ಡಬ್ಬ ಸಿಕ್ಕಾಕ್ಕೊಂತು, ನಮ್ಮ ಈಶಪ್ಪ ನಿಲ್ಸ್‌ಬುಟ್ಟು ತಗೀತಾವ್ನೆ — ನಿಂತಿಲ್ಲ ಅದು, ಕೈ ತೆಗೆಸಿ, ಕೈ — ಏನ್ ಮೇಡಂ? — ಅಂಗಿಗೆ ಒರೆಸಿಕೊಂಡ ಬೆರಳು, ಹಸಿರಾದ ನಿಲ್ಲಿಸು, ಮೊಣಕೈವರೆಗೆ ಒಳಗೆ ಕೈ, ಮೊಣಕೈವರೆಗೆ ಒಳಗೆ, ಕೈ