ಐದು ಸಲ ಖಾಲಿಯಾದ ಹುದ್ದೆ

ಡಿಗ್ರಿ ಮೇಲೆ ಡಿಗ್ರಿ ಮಾಡಿದ ಮಗಳು ಮನೆಯಲ್ಲಿ ಕೂತರೆ ಇಡೀ ಬೀದಿಗೆ ಅದೇ ಚಿಂತೆ. ನಮ್ಮಕ್ಕ ಹೊಳೆಯ ಮೀನುಗಳ ಬಗ್ಗೆ ಆರು ವರ್ಷ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದಳು. ಆಮೇಲೆ ಎರಡು ವರ್ಷ ಕೆಲಸವೇ ಇಲ್ಲ. ಕೊನೆಗೂ ಒಂದು ಖಾಸಗಿ ಕಾಲೇಜಿನಿಂದ ನೇಮಕಾತಿ ಪತ್ರ ಬಂತು. ನಮ್ಮಪ್ಪನದು ಕ್ಷೌರದ ಅಂಗಡಿ. ಗಡ್ಡಕ್ಕೆ ಬಂದವರಿಗೂ ಸುದ್ದಿ ಹೇಳಿದರು, ದಾರಿ ಕೇಳಲು ಬಂದವರಿಗೂ ಹೇಳಿದರು.

ನಾನು ಆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮೆಲ್ಲಗೆ ಹೇಳಿದೆ, "ಅಪ್ಪಾ, ಇದೇ ಹುದ್ದೆಯ ಜಾಹೀರಾತನ್ನ ಎರಡು ವರ್ಷದಲ್ಲಿ ಐದು ಸಲ ಜೆರಾಕ್ಸ್ ಮಾಡಿದ್ದೀನಿ."

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನೀನು. ಕಾಲೇಜಿನ ವಿಷಯ ನಿನಗೇನು ಗೊತ್ತು?"

"ಗೊತ್ತಿಲ್ಲ ಅಪ್ಪಾ. ಎಣಿಸೋಕೆ ಬರುತ್ತೆ."

ಅಕ್ಕ ನಕ್ಕಳು. ಆದರೆ ಮಾರನೇ ದಿನ, ಈ ಮೊದಲು ಆ ಹುದ್ದೆಯಲ್ಲಿದ್ದ ಮೇಡಂ ಮನೆಗೆ ನನ್ನ ಜೊತೆ ಬಂದಳು. ಅಪ್ಪನೂ ಮುಖ ಊದಿಸಿಕೊಂಡು ಬಂದರು.

ಮೇಡಂ ಹೇಳಿದರು, "ಕಾಲೇಜಿನ ಅಧ್ಯಕ್ಷರದ್ದು ಬಣ್ಣದ ಕಾರ್ಖಾನೆ. ಕೊಳಕು ನೀರೆಲ್ಲ ಹೊಳೆಗೆ. ನನ್ನ ಲೇಖನದಲ್ಲಿ 'ಮೀನುಗಳು ಸತ್ತವು' ಅಂತಿತ್ತು. 'ವಿಶ್ರಾಂತಿ ಪಡೆದವು' ಅಂತ ತಿದ್ದಿ ಅಂದರು. ತಿದ್ದಲಿಲ್ಲ. ವಾರದೊಳಗೆ ನನಗೇ ವಿಶ್ರಾಂತಿ ಕೊಟ್ಟರು."

"ಒಬ್ಬರ ಮಾತು ಕೇಳಿ ಬಂದ ಕೆಲಸ ಬಿಡೋದಾ?" ಅಂದರು ಅಪ್ಪ.

"ಬೇಡ ಯಜಮಾನರೇ. ನೀವೇ ಹೋಗಿ ಕೇಳಿ. ಉತ್ತರ ಮಾತ್ರ ಬರವಣಿಗೆಯಲ್ಲಿ ಕೇಳಿ."

ಮೂವರೂ ಕಾಲೇಜಿಗೆ ಹೋದೆವು. ಆಡಳಿತಾಧಿಕಾರಿ ಕುರ್ಚಿ ಹಾಕಿಸಿ ಕೂರಿಸಿದರು. "ನಮ್ಮಲ್ಲಿ ಪೂರ್ತಿ ಸ್ವಾತಂತ್ರ್ಯ ಇದೆಯಮ್ಮ. ಏನು ಬೇಕಾದರೂ ಬರೀರಿ. ನಾವು ಒಪ್ಪಿದ್ದನ್ನ ಮಾತ್ರ ಪ್ರಕಟಿಸಿ, ಅಷ್ಟೇ."

"ಪಾಠದಲ್ಲಿ?" ಅಂದಳು ಅಕ್ಕ.

"ಅಲ್ಲೂ ಅಷ್ಟೇ."

"ಇದನ್ನೇ ಬರೆದು ಕೊಡ್ತೀರಾ?"

"ಛೆ ಛೆ! ನಂಬಿಕೆ ಮೇಲೆ ನಡೆಯೋ ಸಂಸ್ಥೆ ಇದು."

ಅಪ್ಪ ಎದ್ದುನಿಂತರು. "ಸ್ವಾಮಿ, ನಾನು ಗಿರಾಕಿ ಕುತ್ತಿಗೆಗೆ ಕತ್ತಿ ಇಟ್ಟಿರ್ತೀನಿ. ಆಗಲೂ ಅವರು ಮನಸ್ಸಿಗೆ ಬಂದದ್ದು ಮಾತಾಡ್ತಾರೆ. ನಿಮ್ಮಲ್ಲಿ ಕತ್ತಿ ಇಲ್ಲದೇನೇ ಇಷ್ಟು ಭಯವಾ? ನಡಿಯಮ್ಮ."

ಗೇಟಿನ ಹತ್ತಿರ ಅಕ್ಕ ನೇಮಕಾತಿ ಪತ್ರ ಮಡಚಿ ಚೀಲಕ್ಕೆ ಹಾಕಿದಳು. "ಮತ್ತೆ ಕೆಲಸ ಇಲ್ಲ ಅಪ್ಪಾ."

"ಆರು ವರ್ಷ ಮೀನಿನ ಹಿಂದೆ ಬಿದ್ದವಳು, ಕೆಲಸದ ಹಿಂದೆ ಇನ್ನೂ ಆರು ತಿಂಗಳು ಬೀಳು. ಅಲ್ಲೀತನಕ ಅಪ್ಪ ಇದ್ದೀನಿ."

ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹುಡುಕುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂಬಳ ಕೇಳಿ, ರಜೆ ಕೇಳಿ. ನಿಮಗಿಂತ ಮೊದಲು ಅಲ್ಲಿದ್ದವರು ಯಾಕೆ ಬಿಟ್ಟುಹೋದರು ಅಂತಲೂ ವಿಚಾರಿಸಿ, ಅವರನ್ನೇ ಹುಡುಕಿ ಮಾತಾಡಿಸಿ. ನಿಮ್ಮ ಪಾಠಕ್ಕೆ, ಬರಹಕ್ಕೆ ಯಾರ ಅಪ್ಪಣೆ ಬೇಕು ಅನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬರೆದು ಕೊಡಲು ಅವರು ಹಿಂಜರಿದರೆ, ಸಹಿ ಹಾಕಲು ನೀವೂ ಹಿಂಜರಿಯಿರಿ.