ಸುಳ್ಳು ನೋವು

ನರ್ಸ್ ಅಂಗೈಯನ್ನು ಅವಳ ಹೊಟ್ಟೆಯ ಮೇಲಿಟ್ಟು, ಗೋಡೆ ಗಡಿಯಾರ ನೋಡುತ್ತ ಸುಮ್ಮನೆ ಕುಳಿತಿದ್ದರು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಹೊಟ್ಟೆ ಮೆತ್ತಗೇ ಇತ್ತು. ಮಗು ಒಮ್ಮೆ ಹೊರಳಿತು, ಅಷ್ಟೇ.

ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುವ ಅವಳು ಒಂದೇ ವಾರದಲ್ಲಿ ಆಸ್ಪತ್ರೆಗೆ ಬಂದದ್ದು ಇದು ಮೂರನೇ ಸಲ. ಮೊದಲ ಸಲ ನಿಜಕ್ಕೂ ಹೆದರಿದ್ದಳು. ಯಾರದೋ ಅಂಗಿಗೆ ಕಾಜಾ ಹೊಲಿಯುತ್ತಿದ್ದಾಗ ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡು, ಅರ್ಧ ನಿಮಿಷ ಹಾಗೇ ನಿಂತು, ಸಡಿಲವಾಗಿತ್ತು. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಧಾವಿಸಿ ಬಂದಿದ್ದಳು. ನಿವೃತ್ತಿಗೆ ಹತ್ತಿರವಾಗಿದ್ದ ಇದೇ ನರ್ಸ್ ಅವತ್ತು ಬಿಡಿಸಿ ಹೇಳಿದ್ದರು. ಎಂಟು ತಿಂಗಳು ದಾಟಿದ ಮೇಲೆ ಇದು ಸಹಜ, ಸುಳ್ಳು ನೋವು ಅನ್ನುತ್ತಾರೆ. ಗರ್ಭಕೋಶವೂ ನಾಟಕದವರ ಹಾಗೆ, ಆಟಕ್ಕೆ ಮೊದಲು ತಾಲೀಮು ನಡೆಸುತ್ತದೆ. ಇದಕ್ಕೆ ಹೊತ್ತುಗೊತ್ತಿಲ್ಲ, ನೀರು ಕುಡಿದು ಮಗ್ಗುಲಾಗಿ ಮಲಗಿದರೆ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಹೆರಿಗೆ ನೋವು ಹಾಗಲ್ಲ. ಬರಬರುತ್ತ ಹತ್ತಿರವಾಗುತ್ತದೆ, ಜೋರಾಗುತ್ತದೆ, ಏನು ಮಾಡಿದರೂ ಬಿಡುವುದಿಲ್ಲ.

ಅಷ್ಟನ್ನೂ ಹೇಳಿ ಮುಗಿಸುವವರೆಗೆ ಅವರ ಕೈ ಹೊಟ್ಟೆಯ ಮೇಲೇ ಇತ್ತು.

ಟೈಲರಮ್ಮನ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡ ಹಡಗಿನಲ್ಲಿ ಅಡುಗೆಯವನು. ದಡ ಮುಟ್ಟಿದಾಗಷ್ಟೇ ಫೋನು. ಹೊಟ್ಟೆ ಬಿಗಿಯುತ್ತದೆ ಎಂದರೆ, ಡಾಕ್ಟರರನ್ನು ಕೇಳು ಎಂದಿದ್ದ, ಅಷ್ಟರಲ್ಲಿ ಮಾತು ಕಡಿದಿತ್ತು. ಅಳತೆ ಕೊಡಲು ಬರುವ ಹೆಂಗಸರನ್ನು ಬಿಟ್ಟರೆ ಅವಳ ಹೊಸ್ತಿಲು ತುಳಿಯುವವರಿರಲಿಲ್ಲ. ಟೇಪು ಹಿಡಿದು ಅವಳು ಅವರ ಭುಜ, ತೋಳು, ಸೊಂಟ ಮುಟ್ಟುತ್ತಿದ್ದಳು. ಅವಳನ್ನು ಯಾರೂ ಮುಟ್ಟುತ್ತಿರಲಿಲ್ಲ.

ಎರಡನೇ ಸಲ ನೋವು ನೀರು ಕುಡಿದ ಕೂಡಲೇ ಹೋಗಿತ್ತು, ಆದರೂ ಬಂದಿದ್ದಳು. ಇವತ್ತು ಬೆಳಗ್ಗಿನಿಂದ ಹೊಟ್ಟೆ ಒಮ್ಮೆಯೂ ಬಿಗಿದಿರಲಿಲ್ಲ.

"ಎಷ್ಟು ಹೊತ್ತಿಗೊಂದ್ಸಲ ಬರ್ತಿದೆ ಅಂದ್ಯಮ್ಮಾ?" ನರ್ಸ್ ಕೇಳಿದರು.

"ಹತ್ತು ನಿಮಿಷಕ್ಕೆ, ಸಿಸ್ಟರ್."

ನರ್ಸ್ ಗಡಿಯಾರದಿಂದ ಕಣ್ಣು ತೆಗೆದು ಅವಳ ಮುಖ ನೋಡಿದರು. ಅವಳು ಕಿಟಕಿಯತ್ತ ತಿರುಗಿದಳು.

"ಜೊತೇಲಿ ಯಾರು ಬಂದಿದಾರೆ?"

ಟೈಲರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ನರ್ಸ್ ಕೈ ತೆಗೆಯಲಿಲ್ಲ. ಇನ್ನೊಂದಿಷ್ಟು ಹೊತ್ತು ನೋಡೋಣ ಎಂದರು. ಏನೂ ಆಗದ ಆ ಹೊಟ್ಟೆಯನ್ನು ಮತ್ತೆ ಕಾಲು ಗಂಟೆ ಕಾದು, ಮಗುವಿನ ಎದೆಬಡಿತ ಕೇಳಿ, ಚೀಟಿಯಲ್ಲಿ 'ಸುಳ್ಳು ನೋವು' ಎಂದು ಬರೆದರು. ಓದಿದ ಟೈಲರಮ್ಮನ ಕಿವಿ ಬಿಸಿಯಾಯಿತು.

ನರ್ಸಿನ ಪಾಳಿಯೂ ಮುಗಿದಿತ್ತು. ಇಬ್ಬರೂ ಬಸ್ ನಿಲ್ದಾಣದವರೆಗೆ ನಿಧಾನವಾಗಿ ನಡೆದು ಕಲ್ಲುಬೆಂಚಿನ ಮೇಲೆ ಕೂತರು. ನರ್ಸ್ ತಮ್ಮ ಮಂಡಿನೋವಿನ ಸುದ್ದಿ ಹೇಳಿದರು, ಮೊಮ್ಮಗಳ ಹಠದ ಸುದ್ದಿ ಹೇಳಿದರು. ಅವರ ಬಸ್ಸು ಬಂದು ಹೋಯಿತು, ಏಳಲಿಲ್ಲ. ಮುಂದಿನದು ಬಂದಾಗ ಮಂಡಿಗೆ ಕೈಯೂರಿ ಎದ್ದರು.

"ನಾಳಿದ್ದು ನಂಗೆ ಬೆಳಗಿನ ಪಾಳಿ. ನೋವು ಇಲ್ದಿದ್ರೂ ಬಾ."

ಸೀಟು ಸಿಕ್ಕಿದ್ದೇ ತಡ, ಕಂಬಿಗೆ ತಲೆಯಾನಿಸಿ ಅವರು ಕಣ್ಣು ಮುಚ್ಚಿದ್ದು ಕಿಟಕಿಯಲ್ಲಿ ಕಂಡಿತು.

ಟೈಲರಮ್ಮನ ಮನೆ ಅಲ್ಲಿಂದ ಎರಡೇ ಬೀದಿ. ಬಸ್ಸು ಬೇಕಿರಲಿಲ್ಲ. ಆದರೂ ಕೂತೇ ಇದ್ದಳು. ಮತ್ತೊಂದು ಬಸ್ಸು ಬಂದು ಅವಳಿಗಾಗಿ ನಿಂತಿತು. ಅವಳು ಇಲ್ಲವೆಂದು ತಲೆಯಾಡಿಸಿದಳು. ಡ್ರೈವರ್ ಒಂದು ಗಳಿಗೆ ತಡೆದು, ಮುಂದೆ ಹೋದ.